ಮೊದಲು ಬಂದವರೇ ಕಮಾಂಡರ್: ಒಂದು ಜಾಕೆಟ್ಟಿನ ಸಂದರ್ಶನ

ಬೆಂಕಿಯೋ ನೆರೆಯೋ ಗುಡ್ಡ ಕುಸಿತವೋ, ಓಡಿಬಂದ ಇಲಾಖೆಗಳೆಲ್ಲ ಒಂದೇ ವ್ಯವಸ್ಥೆಯಡಿ ಹೇಗೆ ಕೆಲಸ ಮಾಡಬೇಕೆಂದು ಕಲಿಸುವ ಪ್ರಾಥಮಿಕ ತರಬೇತಿಯೊಂದಿದೆ. ಅದಕ್ಕೆ ಸಾಹೇಬರುಗಳು ತಪ್ಪಿಸಿಕೊಂಡರೂ ತಪ್ಪದೆ ಹಾಜರಾಗುವುದು ಒಂದು ಜಾಕೆಟ್. ಕಡುಗೆಂಪು ಬಣ್ಣ, ಎದೆಗೆ ಹೊಳೆಯುವ ಪಟ್ಟಿ, ಬೆನ್ನಿಗೆ ‘ಇನ್ಸಿಡೆಂಟ್ ಕಮಾಂಡರ್’ ಎಂಬ ಬರಹ. ಹೆಸರು ಬೇಡದ ಒಂದು ಜಿಲ್ಲೆಯ ಕಚೇರಿಯಲ್ಲಿ, ಹಳೆಯ ಮತದಾರರ ಪಟ್ಟಿಗಳ ಜೊತೆ ಬೀರುವಿನಲ್ಲಿ ವಾಸವಿರುವ ಈ ಜಾಕೆಟ್ ನಮ್ಮೊಂದಿಗೆ ಮಾತನಾಡಿದೆ.

ಪ್ರಶ್ನೆ: ನಮಸ್ಕಾರ. ತಮ್ಮ ಮೂಲ ಯಾವ ಊರು?

ಜಾಕೆಟ್: ಹೊಲಿದದ್ದು ಇಲ್ಲೇ, ಟೆಂಡರ್ ಕರೆದು. ವಂಶ ಮಾತ್ರ ಕ್ಯಾಲಿಫೋರ್ನಿಯದ್ದು. 1970ರಲ್ಲಿ ಅಲ್ಲಿ ಕಾಡ್ಗಿಚ್ಚು ಎದ್ದು 13 ದಿನ ಉರಿಯಿತು. 16 ಜನ ಸತ್ತರು, 700 ಕಟ್ಟಡ ಸುಟ್ಟವು, ಐದು ಲಕ್ಷ ಎಕರೆಗೂ ಮೀರಿ ಬೂದಿಯಾಯಿತು. ಆಮೇಲೆ ಕೂತು ವಿಚಾರಿಸಿದರೆ, ನೀರಿಗಿಂತ ಆಳಿಗಿಂತ ಹೆಚ್ಚು ಕೈಕೊಟ್ಟದ್ದು ಹೊಂದಾಣಿಕೆ. ಒಂದು ಇಲಾಖೆಯ ರೇಡಿಯೋ ಇನ್ನೊಂದಕ್ಕೆ ಕೇಳದು. ಇವರ ಸಂಕೇತ ಅವರಿಗೆ ತಿಳಿಯದು. ಒಬ್ಬ ಅಧಿಕಾರಿಗೆ ವರದಿ ಒಪ್ಪಿಸುವವರು ಸಂತೆಯಷ್ಟು. ಅಮೆರಿಕದ ಅರಣ್ಯ ಸೇವೆ ಮತ್ತು ಕ್ಯಾಲಿಫೋರ್ನಿಯದ ಅಗ್ನಿಶಾಮಕ ಇಲಾಖೆಗಳು ಸೇರಿ ‘ಫೈರ್‌ಸ್ಕೋಪ್’ ಎಂಬ ಯೋಜನೆ ಹಾಕಿಕೊಂಡವು. ಅದರಲ್ಲಿ ಹುಟ್ಟಿದ ಕೂಸು ಇನ್ಸಿಡೆಂಟ್ ಕಮಾಂಡ್ ಸಿಸ್ಟಂ. ನಾನು ಆ ಕೂಸಿನ ಅಂಗಿ.

ಪ್ರಶ್ನೆ: ಭಾರತಕ್ಕೆ ಬಂದದ್ದು?

ಜಾಕೆಟ್: 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. 2010ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿ, ‘ಇನ್ಸಿಡೆಂಟ್ ರೆಸ್ಪಾನ್ಸ್ ಸಿಸ್ಟಂ’ ಎಂದು ನಾಮಕರಣ ಮಾಡಿತು. ಜಿಲ್ಲೆಗೆ ಡಿಸಿಯವರೇ ಹೊಣೆಗಾರ ಅಧಿಕಾರಿ. ಅವರ ಕೆಳಗೆ ನನ್ನನ್ನು ತೊಡುವ ಕಮಾಂಡರ್. ಕಮಾಂಡರ್ ಕೆಳಗೆ ಕಾರ್ಯಾಚರಣೆ, ಯೋಜನೆ, ಲಾಜಿಸ್ಟಿಕ್ಸ್ ಎಂಬ ಮೂರು ವಿಭಾಗ. ಅಮೆರಿಕದಲ್ಲಿ ಹಣಕಾಸಿಗೂ ಪ್ರತ್ಯೇಕ ವಿಭಾಗವಿದೆ. ಇಲ್ಲಿ ಅದು ಲಾಜಿಸ್ಟಿಕ್ಸ್ ಕೆಳಗಿನ ಒಂದು ಶಾಖೆ.

ಪ್ರಶ್ನೆ: ಹಣಕಾಸಿಗೆ ಹಿಂಬಡ್ತಿಯೇ?

ಜಾಕೆಟ್: ಹಿಂಬಡ್ತಿ ಚಾರ್ಟಿನಲ್ಲಿ ಮಾತ್ರ ಸ್ವಾಮಿ. ಜನರೇಟರಿಗೆ ಡೀಸೆಲ್ ಬೇಕೆಂದರೆ ಮೂರು ಕೊಟೇಶನ್ ಕೇಳುವುದು ಈಗಲೂ ಅದೇ ಶಾಖೆ.

ಪ್ರಶ್ನೆ: ತರಬೇತಿ ಹೇಗೆ ನಡೆಯುತ್ತದೆ?

ಜಾಕೆಟ್: ಕರೆಯುವುದು ಇಲಾಖಾ ಮುಖ್ಯಸ್ಥರನ್ನು. ಬರುವುದು ‘ಸಾಹೇಬರು ಕಳಿಸಿದ್ದಾರೆ’ ಎನ್ನುವ ಎಸ್‌ಡಿಎಗಳು. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರೆರೆಯುವುದು ಮುಗಿದು ಪಾಠ ಶುರುವಾಗುವ ಹೊತ್ತಿಗೆ ಉಪ್ಪಿಟ್ಟಿನ ವಾಸನೆ ಬಂದಿರುತ್ತದೆ. ಒಬ್ಬ ಮೇಲ್ವಿಚಾರಕನ ಕೈಕೆಳಗೆ ಮೂರರಿಂದ ಏಳು ಜನ ಇರಬೇಕು, ಐದಾದರೆ ಉತ್ತಮ ಎಂಬ ಸ್ಲೈಡು ಬಂದಾಗ ಹಿಂದಿನ ಸಾಲಿನಲ್ಲಿ ನಗು ಏಳುತ್ತದೆ. ಒಂದು ರಿವ್ಯೂ ಮೀಟಿಂಗಿನಲ್ಲಿ ನಲವತ್ತು ಇಲಾಖೆಗಳ ಜೊತೆ ಸಾಲಾಗಿ ಬೈಸಿಕೊಂಡವರು ಪಾಪ. ನಗದೆ ಏನು ಮಾಡಿಯಾರು?

ಪ್ರಶ್ನೆ: ಮತ್ತೇನು ಕಲಿಸುತ್ತಾರೆ?

ಜಾಕೆಟ್: ಸಂಕೇತ ಬೇಡ, ನೇರ ಭಾಷೆಯಲ್ಲಿ ಮಾತಾಡಿ. ಒಬ್ಬನಿಗೆ ಒಬ್ಬನೇ ಬಾಸ್. ಕರೆಯದೆ ಬರಬೇಡಿ. ಬಂದರೆ ಮೊದಲು ಹೆಸರು ಬರೆಸಿ, ನಿಲುಗಡೆ ತಾಣದಲ್ಲಿ ಕಾಯಿರಿ. ಎಲ್ಲಕ್ಕಿಂತ ಚೆಂದದ ಪಾಠವೆಂದರೆ, ಘಟನೆ ಎಷ್ಟು ದೊಡ್ಡದೋ ಸಂಘಟನೆ ಅಷ್ಟೇ ದೊಡ್ಡದಿರಲಿ. ಬಣವೆಗೆ ಬೆಂಕಿ ಬಿದ್ದರೆ ಕಮಾಂಡರ್ ಒಬ್ಬರೇ ಸಾಕು, ಎಲ್ಲ ಕೆಲಸವೂ ಅವರದೇ. ಬೆಂಕಿ ಹಬ್ಬಿದರೆ ಮಾತ್ರ ವಿಭಾಗಗಳನ್ನು ತೆರೆಯಿರಿ. ಆದರೆ ನಮ್ಮವರ ಕೈಗೆ ಚಾರ್ಟ್ ಕೊಟ್ಟು ನೋಡಿ. ಒಂದು ಚೌಕ ಖಾಲಿ ಉಳಿದರೂ ಆಡಿಟ್ ಆಕ್ಷೇಪಣೆ ಬಂದೀತೆಂದು ಹೆದರುತ್ತಾರೆ. ಹಿಂದಿನ ಅಣಕು ಕಾರ್ಯಾಚರಣೆಯಲ್ಲಿ ಚಾರ್ಟ್ ಪೂರ್ತಿ ತುಂಬಿತು. ಸ್ಟ್ರೆಚರ್ ಹಿಡಿಯಲು ಇಬ್ಬರು ಸಿಗಲಿಲ್ಲ. ಕುಂಕುಮದ ನೀರು ಬಳಿದುಕೊಂಡು ಬಿಸಿಲಲ್ಲಿ ಬಿದ್ದಿದ್ದ ‘ಗಾಯಾಳು’ ಕಾದು ಕಾದು ತಾನೇ ಎದ್ದು ಆಂಬುಲೆನ್ಸ್ ಹತ್ತಿದ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

ಪ್ರಶ್ನೆ: ಕಲಿಯಲು ಅತ್ಯಂತ ಕಷ್ಟದ ಪಾಠ ಯಾವುದು?

ಜಾಕೆಟ್: ಒಂದೇ ಸಾಲಿನದ್ದು. ಸ್ಥಳಕ್ಕೆ ಮೊದಲು ಬಂದವರೇ ಕಮಾಂಡರ್. ಅದು ಅಗ್ನಿಶಾಮಕ ಠಾಣೆಯ ಸಿಬ್ಬಂದಿಯಾಗಲಿ, ಗ್ರಾಮ ಆಡಳಿತ ಅಧಿಕಾರಿಯಾಗಲಿ. ದೊಡ್ಡವರು ಬಂದು ಕಾರಿನಿಂದ ಇಳಿದ ಮಾತ್ರಕ್ಕೆ ಕಮಾಂಡ್ ಅವರಿಗೆ ಹೋಗುವುದಿಲ್ಲ. ಬಂದವರು ಮೊದಲು ‘ಏನಾಗಿದೆ, ಏನು ಮಾಡಿದ್ದೀರಿ, ಯಾರು ಎಲ್ಲಿದ್ದಾರೆ’ ಎಂದು ಎದುರುಬದುರು ನಿಂತು ಕೇಳಿಕೊಳ್ಳಬೇಕು. ಆಮೇಲೆ ಬೇಕಿದ್ದರೆ ವಹಿಸಿಕೊಳ್ಳಬಹುದು, ವಹಿಸಿಕೊಂಡದ್ದನ್ನು ಎಲ್ಲರಿಗೂ ತಿಳಿಸಬೇಕು. ಇದ್ದವರು ಸರಿಯಾಗಿ ನಡೆಸುತ್ತಿದ್ದರೆ ಅವರಿಗೇ ಬಿಡಲೂಬಹುದು.

ಪ್ರಶ್ನೆ: ಬಿಟ್ಟದ್ದು ಉಂಟೇ?

ಜಾಕೆಟ್: ನನ್ನ ಎದೆಯ ವೆಲ್ಕ್ರೋ ಮುಟ್ಟಿ ನೋಡಿ, ಎಷ್ಟು ಸವೆದಿದೆ! ಒಂದು ಬೆಳಿಗ್ಗೆ ನನ್ನನ್ನು ಮೊದಲು ತೊಟ್ಟದ್ದು ಒಬ್ಬ ಫೈರ್‌ಮನ್. ತಹಶೀಲ್ದಾರರು ಬಂದರು, ಚರ್‍ರ್. ಎಸಿ ಬಂದರು, ಚರ್‍ರ್. ಅವರ ಮೇಲಿನವರು ಬಂದರು, ಚರ್‍ರ್. ಯಾರೂ ಆ ಫೈರ್‌ಮನ್ನನ್ನು ಒಂದು ಮಾತು ಕೇಳಲಿಲ್ಲ. ಒಳಗೆ ಅನಿಲದ ಸಿಲಿಂಡರ್ ಇದೆಯೆಂದು ಗೊತ್ತಿದ್ದದ್ದು ಅವನೊಬ್ಬನಿಗೇ. ಪುಣ್ಯಕ್ಕೆ ಅದು ಅಣಕು ಸಿಲಿಂಡರ್.

ಪ್ರಶ್ನೆ: ತಡೆಯುವವರು ಯಾರೂ ಇಲ್ಲವೇ?

ಜಾಕೆಟ್: ಸುರಕ್ಷತಾ ಅಧಿಕಾರಿ ಇದ್ದಾರಲ್ಲ. ಅಪಾಯ ಕಂಡರೆ ಯಾವ ಕೆಲಸವನ್ನಾದರೂ ನಿಲ್ಲಿಸುವ ಅಧಿಕಾರ ಅವರಿಗುಂಟು. ಅದಕ್ಕೇ ಆ ಜಾಕೆಟ್ಟನ್ನು ಹುಡುಕಿ ಹುಡುಕಿ ಇನ್ನೂ ಪ್ರೊಬೇಷನ್ ಮುಗಿಯದ ಹುಡುಗನಿಗೆ ತೊಡಿಸುತ್ತಾರೆ.

ಪ್ರಶ್ನೆ: ಹಾಗಾದರೆ ಈ ಪದ್ಧತಿ ಎಲ್ಲಾದರೂ ಕೆಲಸ ಮಾಡಿದೆಯೇ, ಇಲ್ಲ ಚಾರ್ಟ್ ಮಾತ್ರವೇ?

ಜಾಕೆಟ್: ಈ ಪ್ರಶ್ನೆಗೆ ತಮಾಷೆ ಬಿಟ್ಟು ಉತ್ತರಿಸುತ್ತೇನೆ. 2001ರ ಸೆಪ್ಟೆಂಬರ್ 11. ಪೆಂಟಗನ್ ಮೇಲೆ ವಿಮಾನ ಬಿದ್ದಾಗ ಆರ್ಲಿಂಗ್ಟನ್ ಕೌಂಟಿಯ ಅಗ್ನಿಶಾಮಕ ಇಲಾಖೆ ಇದೇ ಪದ್ಧತಿಯಲ್ಲಿ ಕಮಾಂಡ್ ಹಿಡಿಯಿತು. ಸೇನೆಯ ಕೇಂದ್ರ ಕಚೇರಿಯ ಅಂಗಳದಲ್ಲಿ ಕಮಾಂಡರ್ ಒಬ್ಬ ಅಗ್ನಿಶಾಮಕ ಅಧಿಕಾರಿ! ಅದೇ ದಿನ ನ್ಯೂಯಾರ್ಕಿನಲ್ಲಿ, ದಾಳಿಗೆ ತುತ್ತಾದ ಗೋಪುರದ ಸ್ಥಿತಿ ಮೇಲಿನಿಂದ ನೋಡುತ್ತಿದ್ದ ಪೊಲೀಸ್ ಹೆಲಿಕಾಪ್ಟರಿನ ಎಚ್ಚರಿಕೆ ಕೆಳಗಿದ್ದ ಅಗ್ನಿಶಾಮಕ ಮುಖ್ಯಸ್ಥರಿಗೆ ತಲುಪಲಿಲ್ಲ. ಅಲ್ಲಿ ಸತ್ತ ಅಗ್ನಿಶಾಮಕ ಸಿಬ್ಬಂದಿ 343. 2003ರಲ್ಲಿ ಅಧ್ಯಕ್ಷರ ಆದೇಶ ಹೊರಟು, 2004ರಲ್ಲಿ ರಾಷ್ಟ್ರೀಯ ವ್ಯವಸ್ಥೆ ಜಾರಿಗೆ ಬಂತು. ಅದೇ ವರ್ಷ ದಾಳಿಯ ತನಿಖಾ ಆಯೋಗವೂ, ದೇಶವೆಲ್ಲ ಈ ಪದ್ಧತಿ ಪಾಲಿಸಲಿ ಎಂದಿತು. ಪಾಲಿಸದ ರಾಜ್ಯಗಳಿಗೆ ವಿಪತ್ತು ಸಿದ್ಧತೆಯ ಫೆಡರಲ್ ಅನುದಾನವಿಲ್ಲ ಎಂಬ ಷರತ್ತೂ ಸೇರಿತು. ಆಮೇಲೆ ಎಲ್ಲರಿಗೂ ಬೇಗ ಬೇಗ ಜ್ಞಾನೋದಯವಾಯಿತು.

ಪ್ರಶ್ನೆ: ಅಲ್ಲಿ ಪರೀಕ್ಷೆಯೂ ಇದೆಯಂತೆ?

ಜಾಕೆಟ್: ಇದೆ. ಐಎಸ್-100 ಎಂಬ ಆರಂಭಿಕ ಕೋರ್ಸು, ಅಂತರ್ಜಾಲದಲ್ಲಿ ಉಚಿತ. ‘ಮುಂದೆ, ಮುಂದೆ’ ಎಂದು ಒತ್ತುತ್ತಾ ಹೋಗಿ, ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಿ, ನೂರಕ್ಕೆ 75 ಬಂದರೆ ಪಾಸು, ಪ್ರಮಾಣಪತ್ರ ಕೈಗೆ. ಬಿಟ್ಟುಹೋದ 25ರಲ್ಲಿ ಕಮಾಂಡ್ ಹಸ್ತಾಂತರದ ಪ್ರಶ್ನೆಯೂ ಸೇರಿತ್ತೇ ಎಂದು ಯಾರೂ ವಿಚಾರಿಸುವುದಿಲ್ಲ.

ಪ್ರಶ್ನೆ: ನಮೂನೆಗಳ ಕಾಟ ಜಾಸ್ತಿ ಎಂಬ ದೂರಿದೆ.

ಜಾಕೆಟ್: ಅಮೆರಿಕದ 201ನೇ ನಮೂನೆ ಘಟನೆಯ ಸಂಕ್ಷಿಪ್ತ ವಿವರಕ್ಕೆ, 214 ದಿನಚರಿಗೆ. ಎಷ್ಟು ಗಂಟೆಗೆ ಏನಾಯಿತೆಂದು ಆಗಿಂದಾಗಲೇ ಬರೆದಿಟ್ಟರೆ, ಪಾಳಿ ಬದಲಾದಾಗ ಮುಂದಿನವರು ಕುರುಡರಾಗಿ ಬರುವುದಿಲ್ಲ. ಲಾಭ ಇಷ್ಟೇ, ಆದರೆ ದೊಡ್ಡದು. ನಮ್ಮಲ್ಲಿ ದಿನಚರಿ ಬರೆಯುವುದು ಘಟನೆ ಮುಗಿದ ವಾರಕ್ಕೆ, ಒಂದೇ ಸಲ ಕೂತು, ಒಂದೇ ಪೆನ್ನಿನಲ್ಲಿ. ಎಲ್ಲ ಗಂಟೆಗೂ ಒಂದೇ ಷರಾ: ‘ಸೂಚನೆಯಂತೆ ಅಗತ್ಯ ಕ್ರಮ ಕೈಗೊಳ್ಳಲಾಗಿದೆ.’ ಸೂಚನೆ ಯಾರದು, ಕ್ರಮ ಯಾವುದು ಎಂದು ಬರೆದರೆ ಕೈಬರಹ ಕೆಡುತ್ತದೇನೋ.

ಪ್ರಶ್ನೆ: ತರಬೇತಿ ಪಡೆದ ಎಸ್‌ಡಿಎಗಳಾದರೂ ಕಲಿತಿರಬೇಕಲ್ಲ?

ಜಾಕೆಟ್: ಚೆನ್ನಾಗಿ ಕಲಿತಿದ್ದಾರೆ. ಅದೇ ಸಂಕಟ. ಕಲಿತವರಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವರು ಕಲಿಯಲು ಬರಲಿಲ್ಲ. ಬಂದು ಕಲಿತ ಒಬ್ಬ ತಹಶೀಲ್ದಾರರಿಗೆ ಮಳೆಗಾಲದ ಹೊಸ್ತಿಲಲ್ಲೇ ವರ್ಗವಾಯಿತು. ಅವರ ಪ್ರಮಾಣಪತ್ರ ಅವರ ಜೊತೆ ಹೋಯಿತು, ನದಿ ಇಲ್ಲೇ ಉಳಿಯಿತು.

ಪ್ರಶ್ನೆ: ಕೊನೆಯದಾಗಿ ಓದುಗರಿಗೆ ನಿಮ್ಮ ಸಂದೇಶ?

ಜಾಕೆಟ್: ಅಯ್ಯೋ, ಸಂದೇಶ ಕೊಡುವುದು ಮಾಹಿತಿ ಅಧಿಕಾರಿಯ ಕೆಲಸ. ಕಮಾಂಡರ್ ಒಪ್ಪದೆ ಅವರೂ ಪತ್ರಿಕೆಯ ಮುಂದೆ ಬಾಯಿ ತೆರೆಯುವಂತಿಲ್ಲ.

ಪ್ರಶ್ನೆ: ಹಾಗಾದರೆ ಇಷ್ಟು ಹೊತ್ತು ನೀವು ಹೇಳಿದ್ದು?

ಜಾಕೆಟ್: ಬರುವಾಗ ಹಾಜರಿ ಪಟ್ಟಿಯಲ್ಲಿ ಹೆಸರು ಬರೆಸಿದಿರಾ?

ಪ್ರಶ್ನೆ: ಇಲ್ಲ.

ಜಾಕೆಟ್: ಬರೆಸಿಲ್ಲ ಎಂದ ಮೇಲೆ ವ್ಯವಸ್ಥೆಯ ಪ್ರಕಾರ ನೀವು ಇಲ್ಲಿಗೆ ಬಂದೇ ಇಲ್ಲ. ನಾನು ಏನೂ ಹೇಳಿಲ್ಲ. ಬೀರುವಿನ ಬಾಗಿಲು ಹಾಕಿಕೊಂಡು ಹೋಗಿ, ಸಾಹೇಬರು ಬರುವ ಹೊತ್ತಾಯಿತು.