ವಿಮಾನಾಕ್ಷರ ಲಕ್ಷಣ: ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳಿಗೆ ಅನ್ವಯಿಸಿದಂತೆ

ಉತ್ತರ ಕನ್ನಡ ಜಿಲ್ಲೆಗೆ ಶಾಸ್ತ್ರಗ್ರಂಥಗಳ ಬರ ಎಂದೂ ಬಂದಿಲ್ಲ. ಹಾಡುವಳ್ಳಿ ಮಠದ ಭಟ್ಟಾಕಳಂಕದೇವ 1604ರಲ್ಲಿ ಇಡೀ ಕನ್ನಡ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬಿಗಿದು, ಓದುವವರಿಗೆ ಅರ್ಥವಾಗಲಿಕ್ಕಿಲ್ಲ ಎಂದು ತಾನೇ ಅದಕ್ಕೆ ವೃತ್ತಿಯನ್ನೂ ಬರೆದಿಟ್ಟ. ಅಷ್ಟು ಸೂತ್ರಗಳಲ್ಲಿ ಥರ್ಮಾಕೋಲ್ ವಿಮಾನದ ಮೈಮೇಲೆ ಅಕ್ಷರ ಕೂರಿಸುವ ಬಗ್ಗೆ ಒಂದೂ ಇಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಶಾಲಾ ಮಕ್ಕಳು ವಿಜ್ಞಾನ ಪ್ರದರ್ಶನದ ಹಿಂದಿನ ರಾತ್ರಿ ಅನಾಥರಾಗುವುದು ಈ ಲೋಪದಿಂದಲೇ. ಅದನ್ನು ತುಂಬುವ ಸಲುವಾಗಿ ಈ ಲಕ್ಷಣಗ್ರಂಥ. ಸೂತ್ರಗಳು ಹಳಗನ್ನಡದಲ್ಲಿವೆ, ಹಳಗನ್ನಡದಲ್ಲಿ ಹೇಳಿದ್ದನ್ನು ಯಾರೂ ಥಟ್ಟನೆ ಅಲ್ಲಗಳೆಯುವುದಿಲ್ಲ.

ಸೂತ್ರ 1: ಅಂಟಿದುದಕ್ಕರಂ, ಬಿೞ್ದುದು ಕಸಂ.

ವೃತ್ತಿ: ವಿಮಾನವೆಂದರೆ ಇಲ್ಲಿ ಥರ್ಮಾಕೋಲ್, ರಟ್ಟು, ಬಿದಿರು ಸೀಳು ಇವುಗಳಲ್ಲಿ ಯಾವುದಾದರೊಂದರಿಂದ ಆದದ್ದು, ಕೈಯಿಂದ ಎಸೆಯುವಂಥದ್ದು ಅಥವಾ ಮೇಜಿನ ಮೇಲೆ ಸುಮ್ಮನೆ ನಿಲ್ಲುವಂಥದ್ದು. ಇದು ಅಕ್ಷರ ಬೀಳುವ ತನಕ ಮೀನೋ ಶಿಲುಬೆಯೋ ಎಂದು ನೋಡಿದವರು ಜಗಳವಾಡುವ ವಸ್ತು. ಬಾಲದ ಹತ್ತಿರ ಭಾರತದ ವಿಮಾನಗಳ ನೋಂದಣಿ ಗುರುತಾದ ಒಂದು ‘ವಿಟಿ’ ಬಿತ್ತೋ, ಜಗಳ ಮುಗಿಯಿತು. ಆದ್ದರಿಂದ ಅಕ್ಷರವೇ ವಿಮಾನದ ಪ್ರಾಣ, ರೆಕ್ಕೆ ಬರೀ ದೇಹ ಎಂಬುದು ಈ ಗ್ರಂಥದ ನಿಲುವು. ಹಾರಿಸುವವರು ಇದನ್ನು ಒಪ್ಪುವುದಿಲ್ಲ. ಅವರಿಗೆ ಬೇರೆ ಗ್ರಂಥವಿದೆ.

ಮೊದಲು ಪೂರ್ವಪಕ್ಷ. ನಿಜವಾದ ವಿಮಾನಗಳ ಗುರುತಿಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಏಳನೆಯ ಅನುಬಂಧದಲ್ಲಿ ನಿಯಮಗಳಿವೆ. ರೆಕ್ಕೆಯ ಅಡಿ ಬರೆಯುವ ಅಕ್ಷರ ಕನಿಷ್ಠ 50 ಸೆಂಟಿಮೀಟರ್ ಎತ್ತರ, ಒಡಲಿನ ಮೇಲಿನದು ಕನಿಷ್ಠ 30. ಅಗಲ ಎತ್ತರದ ಮೂರರಲ್ಲಿ ಎರಡು ಪಾಲು, ಗೆರೆಯ ದಪ್ಪ ಎತ್ತರದ ಆರನೇ ಒಂದು ಪಾಲು. ರೆಕ್ಕೆಯ ಅಕ್ಷರ ಎಡರೆಕ್ಕೆಯ ಕೆಳಮೈಯಲ್ಲಿ, ತಲೆ ಮುಂಅಂಚಿನ ಕಡೆಗೆ. ಅಲಂಕಾರ ನಿಷಿದ್ಧ. ಈಗ ಲೆಕ್ಕ ಮಾಡಿ: ಏರ್‌ಬಸ್ ಎ320ರ ಉದ್ದ ಸುಮಾರು 37.5 ಮೀಟರ್. ಅದನ್ನು 60 ಸೆಂಟಿಮೀಟರಿನ ಥರ್ಮಾಕೋಲಿಗೆ ಇಳಿಸಿದರೆ ಒಡಲಿನ ಅಕ್ಷರಕ್ಕೆ ಸಿಗುವ ಎತ್ತರ 5 ಮಿಲಿಮೀಟರಿಗೂ ಕಡಿಮೆ, ಗೆರೆಯ ದಪ್ಪ ಮುಕ್ಕಾಲು ಮಿಲಿಮೀಟರಿನ ಆಸುಪಾಸು. ಅಷ್ಟು ಸಣ್ಣದಾಗಿ ಬರೆಯಬಲ್ಲ ಕೈ ನಾಲ್ಕೂ ತಾಲ್ಲೂಕಿನಲ್ಲಿ ಇರಬಹುದು. ಆದರೆ ಅಂಥ ಕೈ ಪರೀಕ್ಷೆಯ ಹಿಂದಿನ ದಿನ ಚೀಟಿ ಬರೆಯುವುದರಲ್ಲಿ ಮಗ್ನವಾಗಿರುತ್ತದೆ.

ಇನ್ನು ಸಿದ್ಧಾಂತ. ಅಂಟುವ ಬಗೆಯನ್ನು ಹಿಡಿದು ಅಕ್ಷರಗಳು ನಾಲ್ಕು ತೆರ: ಕುಂಚಜ, ರಂಧ್ರಜ, ಮುದ್ರಾಜ, ಪತ್ರಜ. ಸ್ಕೆಚ್ ಪೆನ್ನಿನದು ಐದನೆಯದೆಂದು ಕೆಲವರು ವಾದಿಸುತ್ತಾರೆ. ಲೋಕದಲ್ಲಿ ಹೆಚ್ಚಾಗಿ ನಡೆಯುವುದು ಅದೇ ಎಂಬುದು ನಿಜ. ಆದರೂ ಶಾಸ್ತ್ರಕ್ಕೆ ಒಂದು ಮರ್ಯಾದೆ ಇದೆ.

ಕುಂಚಜದ ತವರು ಹಳಿಯಾಳ. ಅಲ್ಲಿ ಬಯಲು ಸೀಮೆಯ ಗಾಳಿ, ಕಬ್ಬಿನ ಟ್ರ್ಯಾಕ್ಟರುಗಳು, ಅವುಗಳ ಟ್ರಾಲಿಗಳ ಮೇಲೆ ಬರೆಯುವ ಪೇಂಟರುಗಳು. ಇವರ ಅಕ್ಷರಕ್ಕೆ ಎಡಕ್ಕೊಂದು, ಕೆಳಕ್ಕೊಂದು ನೆರಳು. ಹಳದಿಗೆ ಕೆಂಪು ಅಂಚು. ಕೊನೆಗೆ ಎರಡು ಎಲೆ, ಒಂದು ಹೂವು. ಉದಾಹರಣೆಗೆ:

“ಮಾಮಾ, ಇದರ ಮ್ಯಾಲ ನಂಬರ್ ಹಾಕಿಕೊಡ್ರಿ.”
“ಎಷ್ಟು ಟನ್ನಿನ ಗಾಡಿಪಾ ಇದು?”
“ಥರ್ಮಾಕೋಲ್ ಐತ್ರಿ.”
“ಹಂಗಾದ್ರ ಹಿಂದ ‘ಹಾರ್ನ್ ಓಕೆ ಪ್ಲೀಸ್’ ಬ್ಯಾಡೇನು?”

ಇದು ಶಾಸ್ತ್ರಸಮ್ಮತವೋ? ಏಳನೆಯ ಅನುಬಂಧ ಬೇಡ ಅನ್ನುತ್ತದೆ. ಈ ಗ್ರಂಥಕಾರನ ಮತ ಬೇರೆ. ಅಲಂಕಾರ ಬೇಡವೆಂದದ್ದು ದೂರದಿಂದ ಓದಲು ಬರಲಿ ಎಂಬ ಕಾರಣಕ್ಕೆ. ಪ್ರದರ್ಶನದ ಮೇಜಿನಿಂದ ತೀರ್ಪುಗಾರರು ನಿಲ್ಲುವ ದೂರ ಒಂದು ಮೊಳ. ಅಷ್ಟು ಹತ್ತಿರದಲ್ಲಿ ನಿಂತವರಿಗೆ ನೆರಳಿಲ್ಲದ ಅಕ್ಷರ ತೋರಿಸುವುದೇ ಅವಮಾನ. ಹೊಟ್ಟೆಯ ಮೇಲೆ ‘ಅಮ್ಮನ ಆಶೀರ್ವಾದ’ ಬರೆಸಿಕೊಂಡ ಬೋಯಿಂಗನ್ನು ನೋಡಿ ನಗುವವರಿಗೆ ಈ ಮಾತು: 2003ರಲ್ಲಿ ಬೆಂಗಳೂರು ಹುಬ್ಬಳ್ಳಿ ನಡುವೆ ಹಾರಾಟ ಶುರುಮಾಡಿದ ಏರ್ ಡೆಕ್ಕನ್ ತನ್ನ ಗುರುತಾಗಿ ಆರಿಸಿಕೊಂಡದ್ದು ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು. ಚೌಕಳಿ ಕೋಟು, ಪಂಚೆ, ಕನ್ನಡಕದ ಮುದುಕನೇ ವಿಮಾನಕ್ಕೆ ಒಪ್ಪಿದ ಮೇಲೆ ಹೂವು ಎಲೆಗಳಿಗೇನು ಧಾಡಿ?

ಕುಂಚಜದಲ್ಲಿ ಒಂದು ಮಹಾದೋಷವಿದೆ, ಅದು ಬಣ್ಣದ್ದು. ಟ್ರಾಲಿಗೆ ಹಚ್ಚುವ ಆಯಿಲ್ ಪೇಂಟಿನ ತಿನ್ನರು, ಡಬ್ಬಿಯಿಂದ ಹೊಡೆಯುವ ಸ್ಪ್ರೇ ಪೇಂಟಿನ ದ್ರಾವಕ, ಎರಡೂ ಥರ್ಮಾಕೋಲನ್ನು ಕರಗಿಸಿ ತಿನ್ನುತ್ತವೆ. ನೀವು ‘ಇಂಡಿಯಾ’ ಎಂದು ಬರೆಯುತ್ತೀರಿ. ನೋಡುನೋಡುತ್ತ ಅಕ್ಷರದ ಅಂಚು ಗುಳಿಬಿದ್ದು, ಮಣಿಮಣಿಯಾದ ಥರ್ಮಾಕೋಲು ಕುಗ್ಗಿ, ಕೊನೆಗೆ ‘ಇಂಡಿಯಾ’ ಎಂಬ ಆಕಾರದ ತೂತು ಉಳಿಯುತ್ತದೆ. ಇದನ್ನು ಕುಂಚಜವೆನ್ನಬೇಕೋ ರಂಧ್ರಜವೆನ್ನಬೇಕೋ ಎಂದು ಗ್ರಂಥಕಾರ ಬಹಳ ತಲೆಕೆಡಿಸಿಕೊಂಡು, ಸಂಕರಜ ಎಂಬ ಉಪವರ್ಗವನ್ನೇ ಕಲ್ಪಿಸಬೇಕಾಯಿತು. ಪರಿಹಾರ ಸುಲಭ. ನೀರಿನಲ್ಲಿ ಕಲಸುವ ಪೋಸ್ಟರ್ ಬಣ್ಣ ಅಥವಾ ಅಕ್ರಿಲಿಕ್ ಬಳಸಬೇಕು. ಇಲ್ಲವೇ ಮೊದಲು ತೆಳು ಕಾಗದವನ್ನು ಫೆವಿಕಾಲ್ ನೀರಿನಿಂದ ಮೈಗೆಲ್ಲ ಅಂಟಿಸಿ, ಪೂರ್ತಿ ಒಣಗಿಸಿ, ಅದರ ಮೇಲೆ ಬರೆಯಬೇಕು. ಕಾಗದಕ್ಕೆ ಕೊರತೆಯಿಲ್ಲ. 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ದಾಂಡೇಲಿಯಲ್ಲಿ ಕಾಳಿ ದಂಡೆಯ ಮೇಲೆಯೇ ಇದೆ.

ಸೂತ್ರ 2: ಠಕಾರಕ್ಕೆ ಕೊಂಡಿ ವೇೞ್ಕುಂ.

ವೃತ್ತಿ: ರಟ್ಟಿನಲ್ಲಿ ಅಕ್ಷರವನ್ನು ಬ್ಲೇಡಿನಿಂದ ಕೊರೆದು, ತೂತಿನ ಮೂಲಕ ಸ್ಪಂಜಿನಿಂದ ಬಣ್ಣ ತಟ್ಟುವುದು ರಂಧ್ರಜ. ಇಂಗ್ಲಿಷಿನ ಓ ಕೊರೆದರೆ ಒಳಗಿನ ಗುಂಡು ಕಳಚಿ ನೆಲಕ್ಕೆ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ಮೇಲೊಂದು ಕೆಳಗೊಂದು ಸಣ್ಣ ಕೊಂಡಿ ಬಿಡುತ್ತಾರೆ. ಕನ್ನಡದ ಕಷ್ಟ ಇದಕ್ಕಿಂತ ಸೂಕ್ಷ್ಮ. ‘ಠ’ದಲ್ಲಿ ವೃತ್ತವೂ ಇದೆ, ಅದರೊಳಗೆ ಚುಕ್ಕಿಯೂ ಇದೆ. ವೃತ್ತದ ಗೆರೆ ಕೊರೆದಾಗ ಒಳಗಿನ ರಟ್ಟಿನ ಬಿಲ್ಲೆ ಬೀಳುತ್ತದೆ, ಬೀಳುವಾಗ ಚುಕ್ಕಿಯ ತೂತನ್ನೂ ಹೊತ್ತೊಯ್ಯುತ್ತದೆ. ಉಳಿದದ್ದರ ಮೇಲೆ ಸ್ಪಂಜು ತಟ್ಟಿದರೆ ಬರುವುದು ಒಂದು ದಪ್ಪ ಸೊನ್ನೆ, ಅಂದರೆ ‘ಕಂಠೀರವ’ ಎಂದು ಹೆಸರಿಟ್ಟ ಯುದ್ಧವಿಮಾನದ ನಡುವೆ ಎರಡು ಸೊನ್ನೆ. ಬಿಲ್ಲೆಯನ್ನು ಹಿಡಿದಿಡಲು ಎರಡು ಕೊಂಡಿ ಬಿಟ್ಟರೆ ಅಕ್ಷರ ಉಳಿಯುತ್ತದೆ, ಸ್ವಲ್ಪ ಸರಪಳಿ ಬಿಗಿದಂತೆ ಕಾಣುತ್ತದೆ ಅಷ್ಟೆ. ಒತ್ತಕ್ಷರಗಳದ್ದು ಇನ್ನೊಂದು ಪೀಡೆ: ಅವು ರೆಕ್ಕೆಯ ಅಂಚಿನಿಂದ ಕೆಳಗೆ ಇಳಿದು ನೇತಾಡುತ್ತವೆ. ಹೆಸರಿಡುವಾಗಲೇ ಒತ್ತಿಲ್ಲದ್ದನ್ನು ಆರಿಸುವುದು ಲೇಸು. ‘ಗರುಡ’ ಉತ್ತಮ, ‘ಪಕ್ಷಿರಾಜ’ ಮಧ್ಯಮ, ‘ಜ್ಯೋತ್ಸ್ನಾ’ ಅಧಮ.

ಮುದ್ರಾಜವನ್ನು ಬೇಗ ಮುಗಿಸಬಹುದು. ರಬ್ಬರಿನ ತುಂಡನ್ನೋ ಬಟಾಟೆಯ ಹೋಳನ್ನೋ ಕೆತ್ತಿ ಒತ್ತುವುದು. ಬೆಂಡೆಕಾಯಿಯನ್ನು ಅಡ್ಡ ಕೊಯ್ದರೆ ಕೆತ್ತುವ ಕಷ್ಟವೂ ಇಲ್ಲದೆ ಐದು ಮೂಲೆಯ ನಕ್ಷತ್ರ ಸಿಗುತ್ತದೆ, ಆದರೆ ಅದನ್ನು ಒತ್ತಿದ ವಿಮಾನ ಯಾವ ದೇಶದ್ದೆಂದು ಕೇಳಬಾರದು. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತಬೇಕು. ಈ ವಿದ್ಯೆಗೆ ಮುಂಡಗೋಡ ಗುರುಸ್ಥಾನ. 1966ರಿಂದ ಅಲ್ಲಿ ನೆಲೆಸಿದ ಟಿಬೆಟನ್ನರ ಪ್ರಾರ್ಥನಾ ಪತಾಕೆಗಳನ್ನು ನೋಡಿ: ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಟ್ಟೆಯ ಮೇಲೆ ಗಾಳಿಕುದುರೆ, ಸುತ್ತ ಮಂತ್ರ. ಸಂಪ್ರದಾಯದಂತೆ ಇವನ್ನು ಒತ್ತುವುದು ತಿರುವುಮುರುವಾಗಿ ಕೆತ್ತಿದ ಮರದ ಅಚ್ಚಿನಿಂದ. ಆ ಪತಾಕೆಯ ಅಕ್ಷರ ಬಿಸಿಲಿಗೆ, ಗಾಳಿಗೆ ಮಾಸಿದರೆ ಅದು ದೋಷವಲ್ಲ, ಮಂತ್ರ ಗಾಳಿಯ ಪಾಲಾಯಿತು ಎಂದು ಲೆಕ್ಕ. ಹೀಗಾಗಿ ಮುಂಡಗೋಡ ತಾಲ್ಲೂಕಿನಲ್ಲಿ ಅಕ್ಷರ ಮಾಸಿದ ವಿಮಾನಕ್ಕೆ ಅಂಕ ಕಳೆಯುವಾಗ ತೀರ್ಪುಗಾರರು ಎರಡು ಸಲ ಯೋಚಿಸಬೇಕು. ದಾಂಡೇಲಿಯ ಮರದ ಡಿಪೋದಲ್ಲಿ ದಿಮ್ಮಿಯ ಕೊಯ್ದ ತುದಿಗೆ ಹೊಡೆಯುವ ಸುತ್ತಿಗೆ ಮುದ್ರೆಯೂ ಇದೇ ವರ್ಗಕ್ಕೆ ಸೇರುತ್ತದೆ. ಥರ್ಮಾಕೋಲಿನ ಮೇಲೆ ಪ್ರಯೋಗಿಸತಕ್ಕದ್ದಲ್ಲ.

ಪತ್ರಜದಲ್ಲಿ ಎರಡು. ಮೊದಲನೆಯದು ರೇಡಿಯಂ. ಕೆಎ 65ರ ನಂಬರ್ ಪ್ಲೇಟು ಮಾಡುವ ಅಂಗಡಿಯಲ್ಲಿ ಕೊರೆಸಿ ತರುವುದು, ಹಿಂದಿನ ಕಾಗದ ಸುಲಿದು ಅಂಟಿಸುವುದು. ಚೆಂದ ಕಾಣುತ್ತದೆ, ಮನೆಯಲ್ಲಿ ಮಾಡಿದ್ದಲ್ಲ, ಸೊಟ್ಟಗೆ ಬಿದ್ದರೆ ಕೀಳುವಾಗ ಥರ್ಮಾಕೋಲಿನ ಚರ್ಮವೂ ಬರುತ್ತದೆ. ಇಷ್ಟೇ ಸಾಕು. ಎರಡನೆಯದು ನೀರಿನಲ್ಲಿ ಜಾರಿಸುವ ಡೆಕಾಲ್, ಈ ಶಾಸ್ತ್ರದ ಶಿಖರ. ಅಂಟುಪದರವಿರುವ ಕಾಗದದ ಮೇಲೆ ಅಕ್ಷರವನ್ನು ಪ್ರಿಂಟ್ ತೆಗೆದು, ಒಣಗಿಸಿ, ಮೇಲೆ ಪಾರದರ್ಶಕ ವಾರ್ನಿಶಿನ ತೆಳು ಲೇಪ ಎರಡು ಮೂರು ಸಲ ಕೊಟ್ಟು, ಅಂಚಿಗೆ ಹತ್ತಿ ಕತ್ತರಿಸಿ, ಬಟ್ಟಲ ನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಬೇಕು. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಅಕ್ಷರ ಕಾಗದ ಬಿಟ್ಟು ವಿಮಾನದ ಮೈಮೇಲೆ ಜಾರುತ್ತದೆ. ಒಂದು ಕೂದಲೆಳೆ ಈಚೆಗೆ, ಒಂದು ಕೂದಲೆಳೆ ಆಚೆಗೆ ಸರಿಸಲು ಬರುವ ಆ ಕೆಲವು ಕ್ಷಣಗಳ ಸುಖವನ್ನು ಬಲ್ಲವರೇ ಬಲ್ಲರು.

ವಾರ್ನಿಶು ಮರೆತವರ ಗತಿ ಬೇರೆ. ಇಂಕ್‌ಜೆಟ್ ಶಾಯಿ ನೀರಿನದು. ಬಟ್ಟಲಿನ ನೀರು ಮೊದಲು ನಸುನೀಲಿಯಾಗುತ್ತದೆ, ಅಕ್ಷರಕ್ಕೆ ಗಡ್ಡ ಬೆಳೆಯುತ್ತದೆ, ಆಮೇಲೆ ಗಡ್ಡವೇ ಉಳಿಯುತ್ತದೆ. ಜೋಯಿಡಾದಲ್ಲಿ, ಅದರಲ್ಲೂ ಕ್ಯಾಸಲ್‌ರಾಕ್ ಕಡೆ, ಮಳೆಗಾಲದಲ್ಲಿ ಇದಕ್ಕೆ ಬಟ್ಟಲೂ ಬೇಡ, ಕಿಟಕಿ ತೆರೆದಿಟ್ಟರೆ ಸಾಕು. ಇನ್ನೊಂದು ರಹಸ್ಯ: ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇಲ್ಲ. ಬಿಳಿ ಎಂದರೆ ಅದಕ್ಕೆ ಏನೂ ಹಾಕದೆ ಬಿಡುವುದು. ನೀಲಿ ಬಾಲದ ಮೇಲೆ ಬಿಳಿ ಅಕ್ಷರ ಬಯಸಿದವನಿಗೆ ಕೊನೆಗೆ ನೀಲಿ ಬಾಲವೇ ಸಿಗುತ್ತದೆ.

ಇನ್ನು ಏನನ್ನು ಬರೆಯಬೇಕೆಂಬ ವಿಚಾರ. ವಾಯುಪಡೆಯ ಚಕ್ರ ಮೂರು ವೃತ್ತ: ನಡುವೆ ಹಸಿರು, ಆಮೇಲೆ ಬಿಳಿ, ಹೊರಗೆ ಕೇಸರಿ. ಕೈವಾರದಿಂದ ಬರೆಯಬೇಕು, ಬಳೆ ಇಟ್ಟು ಬರೆದರೆ ಅಕ್ಕನಿಗೆ ಸಿಟ್ಟು ಬರುತ್ತದೆ. ಈ ಚಕ್ರಕ್ಕೂ ಪೂರ್ವಜನ್ಮಗಳಿವೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹಾರುತ್ತಿದ್ದ ವಿಮಾನಗಳ ಚಕ್ರದಿಂದ ನಡುವಣ ಕೆಂಪನ್ನೇ ಅಳಿಸಿದರು. ಜಪಾನಿನ ಕೆಂಪು ಸೂರ್ಯನೆಂದು ತಿಳಿದು ನಮ್ಮವರೇ ಹೊಡೆದುಬಿಟ್ಟಾರೆಂಬ ಭಯ. ಸ್ವಾತಂತ್ರ್ಯ ಬಂದ ಮೇಲೆ ಕೆಲಕಾಲ ಅಶೋಕಚಕ್ರವೇ ಆ ಜಾಗದಲ್ಲಿತ್ತು. ಇಪ್ಪತ್ತನಾಲ್ಕು ಅರಗಳನ್ನು ಎಣಿಸಿ ಬರೆಯುವ ಸಂಕಟ ನಮ್ಮ ಮಕ್ಕಳಿಗೆ ತಪ್ಪಿತು. ಸಂಖ್ಯೆ ಬೇಕಾದವರು ತೇಜಸ್ಸಿನದನ್ನು ಬರೆಯಬಹುದು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಮಾದರಿಯ ಸಂಖ್ಯೆ ಕೆಎಚ್ 2001. ಅದು ಇಸವಿಯೋ ನಂಬರೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಣ್ಣದ ಯೋಜನೆಯೇ ಹೊಳೆಯದವರು ದಾಂಡೇಲಿಯಲ್ಲಿ ಬೆಳಿಗ್ಗೆ ಎದ್ದು ಮರ ನೋಡಿದರೆ ಸಾಕು. ಮಂಗಟ್ಟೆ ಹಕ್ಕಿಯ ಕಪ್ಪು ಮೈ, ಬಿಳಿ ಹೊಟ್ಟೆ, ಹಳದಿ ಕೊಕ್ಕು. ಇಷ್ಟು ಸ್ಪಷ್ಟವಾದ ಬಣ್ಣಗಾರಿಕೆ ಯಾವ ವಿಮಾನ ಕಂಪನಿಗೂ ದಕ್ಕಿಲ್ಲ.

ಸೂತ್ರ 3: ಬಾಲಂ ಭಾರಮಾದೊಡೆ ಮೂಗಿಂಗೆ ನಾಣ್ಯಂ.

ವೃತ್ತಿ: ಅಕ್ಷರಕ್ಕೂ ತೂಕವಿದೆ. ಬಾಲದ ಮೇಲೆ ಮೂರು ಲೇಪ ಬಣ್ಣ, ನೆರಳಕ್ಷರ, ವಾರ್ನಿಶು ಎಲ್ಲ ಸೇರಿದರೆ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಎಸೆದ ವಿಮಾನ ಮೂಗೆತ್ತಿ, ಗಾಳಿಯಲ್ಲಿ ಒಂದು ಗಳಿಗೆ ನಿಂತು, ಬಾಲದ ಮೇಲೆ ಕೂರುತ್ತದೆ. ಸಾದಾ ಗ್ಲೈಡರಿನಲ್ಲಿ ಆ ಕೇಂದ್ರ ರೆಕ್ಕೆಯ ಅಗಲದ ಮುಂದಿನ ಮೂರನೇ ಒಂದು ಭಾಗದೊಳಗೆ ಬಿದ್ದರೆ ಒಳ್ಳೆಯದು. ಎರಡು ಬೆರಳ ಮೇಲೆ ರೆಕ್ಕೆಯನ್ನು ನಿಲ್ಲಿಸಿ ನೋಡಿದರೆ ತಿಳಿಯುತ್ತದೆ. ಹಿಂದೆ ವಾಲಿದರೆ ಮೂಗಿಗೆ ನಾಣ್ಯ ಅಂಟಿಸಿ, ಅಥವಾ ‘ಅಮ್ಮನ ಆಶೀರ್ವಾದ’ವನ್ನು ಮುಂದಕ್ಕೆ ತನ್ನಿ.

ಕೊನೆಯದಾಗಿ ಕರ್ತೃನಾಮ ವಿವಾದ. ಇಬ್ಬರು ಕೂಡಿ ಒಂದು ವಿಮಾನ ಮಾಡಿದಾಗ ಯಾರ ಹೆಸರು ಎಲ್ಲಿ? ರೆಕ್ಕೆಗೊಬ್ಬರಂತೆ ಹಂಚಿಕೊಳ್ಳಿ ಎನ್ನುವುದು ಹಿರಿಯರ ಮಾತು. ಆದರೆ ಎಡರೆಕ್ಕೆಯ ಕೆಳಮೈಯನ್ನು ಏಳನೆಯ ಅನುಬಂಧ ಆಗಲೇ ನೋಂದಣಿಗೆ ಕಾದಿರಿಸಿದೆಯಷ್ಟೆ. ಎಡ ಸಿಕ್ಕವನಿಗೆ ಉಳಿಯುವುದು ಮೇಲ್ಮೈ ಮಾತ್ರ, ಬಲ ಸಿಕ್ಕವನಿಗೆ ಮೇಲೆ ಕೆಳಗೆ ಎರಡೂ. ಹಾರುವಾಗ ಜನ ನೋಡುವುದು ಕೆಳಗಿನಿಂದ. ಇದರಿಂದ ಎಷ್ಟೋ ಸ್ನೇಹಗಳು ಏಳನೇ ತರಗತಿ ದಾಟಿಲ್ಲ. ಥರ್ಮಾಕೋಲಿಗೆ ದುಡ್ಡು ಕೊಟ್ಟವನಿಗೆ ಬಲರೆಕ್ಕೆ, ಬ್ಲೇಡು ಹಿಡಿದವನಿಗೆ ಎಡ, ಎಂದು ಗ್ರಂಥಕಾರನ ತೀರ್ಪು. ಇಬ್ಬರೂ ಒಪ್ಪದಿದ್ದರೆ ಇಬ್ಬರ ಹೆಸರನ್ನೂ ಬಿಟ್ಟು ವರ್ಗಶಿಕ್ಷಕರ ಹೆಸರನ್ನು ಬಾಲದ ಮೇಲೆ ಬರೆದು, ಮೂಗಿಗೆ ಇನ್ನೊಂದು ನಾಣ್ಯ ಅಂಟಿಸತಕ್ಕದ್ದು.