ಕುಂಬಳಕಾಯಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ಬೂದುಗುಂಬಳಕಾಯಿಯವರು,
ಮುಖ್ಯ ಸುರಕ್ಷತಾ ಅಧಿಕಾರಿಗಳು,
ಚಲನಚಿತ್ರ ರಂಗ.

ವಿಷಯ: ತಮ್ಮ ಸೇವಾವಧಿಯಲ್ಲಿ ಸಂಭವಿಸಿದ ಸಾವುಗಳ ಕುರಿತು.

ಮಾನ್ಯರೇ,

ಮುಹೂರ್ತದ ದಿನ ತಲೆಯ ಮೇಲೆ ಕರ್ಪೂರ ಹೊತ್ತು ಕ್ಯಾಮೆರಾ ಮುಂದೆ ಸುತ್ತು ಹಾಕುವವರು ತಾವು. ಹೊಟ್ಟೆಗೆ ಕುಂಕುಮ ತುಂಬಿಸಿಕೊಂಡು, ನೆಲಕ್ಕಪ್ಪಳಿಸಿ, ಇಡೀ ಯೂನಿಟ್ಟಿನ ದೃಷ್ಟಿ ನಿವಾರಿಸುವವರೂ ತಾವೇ. ಚಿತ್ರೀಕರಣ ಮುಗಿಯಿತು ಅನ್ನುವುದಕ್ಕೆ ಗಾಂಧಿನಗರದವರು ಇವತ್ತಿಗೂ ‘ಕುಂಬಳಕಾಯಿ ಒಡೆದ್ವಿ’ ಅನ್ನುತ್ತಾರೆ. ಇಷ್ಟು ನಿಷ್ಠೆಯ ಸಿಬ್ಬಂದಿ ಇನ್ನೊಬ್ಬರಿಲ್ಲ. ಸಂಬಳ ಕೇಳುವುದಿಲ್ಲ, ಭತ್ಯೆ ಕೇಳುವುದಿಲ್ಲ. ಮುಖ್ಯವಾಗಿ, ‘ಈ ಶಾಟ್ ಬೇಡ ಸಾರ್, ಅಪಾಯ’ ಎಂದು ಬಾಯಿ ಬಿಡುವುದಿಲ್ಲ. ನಿರ್ಮಾಪಕರಿಗೆ ಇದಕ್ಕಿಂತ ಒಳ್ಳೆಯ ಸುರಕ್ಷತಾ ಅಧಿಕಾರಿ ಎಲ್ಲಿ ಸಿಕ್ಕಾರು?

ಆದರೂ ತಮ್ಮ ಸೇವಾ ಪುಸ್ತಕವನ್ನು ಒಮ್ಮೆ ತಿರುವಿ ಹಾಕುವುದು ಒಳ್ಳೆಯದು.

1989ರ ಫೆಬ್ರವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೊ, ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್. ಗೋಡೆಗೆ ಗೋಣಿತಾಟು, ಸಡಿಲವಾಗಿ ಎಳೆದ ವೈರು, ಗಾಳಿಯಾಡದ ಒಳಾಂಗಣ, ಕಾದು ಕೆಂಡವಾಗುವ ದೊಡ್ಡ ದೊಡ್ಡ ಲೈಟುಗಳು. ಇಷ್ಟೆಲ್ಲ ಏರ್ಪಾಟು ಮಾಡಿಟ್ಟ ಜಾಗಕ್ಕೆ ದೃಷ್ಟಿ ಹಾಕಲು ಹೊರಗಿನವರು ಬರಬೇಕಿರಲಿಲ್ಲ. ಬೆಂಕಿಗೆ 60ಕ್ಕೂ ಹೆಚ್ಚು ಜನ ಬಲಿಯಾದರು. ನಟ, ನಿರ್ದೇಶಕ ಸಂಜಯ್ ಖಾನ್ ಮೈತುಂಬ ಸುಟ್ಟುಕೊಂಡು ಬದುಕುಳಿದರು. ಧಾರಾವಾಹಿ ಮುಗಿಯಿತು, ದೂರದರ್ಶನದಲ್ಲಿ ಬಂತು, ದೇಶವೇ ಕೂತು ನೋಡಿತು. ಟಿಪ್ಪುವಿನ ಹೆಸರು ಎಲ್ಲರಿಗೂ ನೆನಪಿದೆ. ಸತ್ತವರಲ್ಲಿ ಒಬ್ಬರ ಹೆಸರು ಹೇಳಿ ಎಂದರೆ ತಾವೂ ತಡವರಿಸುತ್ತೀರಿ.

2016ರ ನವೆಂಬರ್ 7. ತಿಪ್ಪಗೊಂಡನಹಳ್ಳಿ ಜಲಾಶಯ, ‘ಮಾಸ್ತಿಗುಡಿ’ಯ ಕ್ಲೈಮ್ಯಾಕ್ಸ್. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕ ದುನಿಯಾ ವಿಜಯ್ ಬದುಕಿ ಬಂದರು. ಖಳನ ಪಾತ್ರಧಾರಿಗಳಾದ ಅನಿಲ್ ಮತ್ತು ಉದಯ್ ಮೇಲೇಳಲಿಲ್ಲ. ಅವರಿಗೆ ಈಜು ಅಷ್ಟಕ್ಕಷ್ಟೇ ಎಂಬುದೇನೂ ಗುಟ್ಟಾಗಿರಲಿಲ್ಲ. ಹಾರುವ ಮುಂಚೆ ಟಿವಿಯವರ ಮುಂದೆಯೇ ಆ ಮಾತು ಬಂದಿತ್ತು. ಇಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ನೆರವಿಗೆ ಧಾವಿಸಬೇಕಿದ್ದ ಮೋಟಾರು ದೋಣಿ ಹೊತ್ತಿಗೆ ಸರಿಯಾಗಿ ಒದಗಲಿಲ್ಲ. ಹಾರುವುದನ್ನು ಸೆರೆಹಿಡಿಯಬೇಕಿದ್ದ ಕ್ಯಾಮೆರಾಗಳು ಮಾತ್ರ ಅಚ್ಚುಕಟ್ಟಾಗಿ ಒದಗಿದವು. ಮರುವರ್ಷ ಸಿನಿಮಾ ಬಿಡುಗಡೆಯಾಯಿತು.

2021ರ ಆಗಸ್ಟ್, ಬಿಡದಿ ಸಮೀಪ ‘ಲವ್ ಯು ರಚ್ಚು’ ಸಾಹಸ ದೃಶ್ಯ. ಕ್ರೇನಿನ ಲೋಹದ ಹಗ್ಗ ಹೈಟೆನ್ಷನ್ ತಂತಿಗೆ ತಾಗಿ ಒಬ್ಬ ಫೈಟರ್ ತೀರಿಕೊಂಡರು. ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ ಎಂದು ಕತ್ತೆತ್ತಿ ನೋಡಲು ಒಬ್ಬ ಮನುಷ್ಯ ಸಾಕಿತ್ತು. ಆದರೆ ಆ ಹುದ್ದೆಯಲ್ಲಿ ತಾವಿದ್ದಿರಿ. ತಮಗೆ ಕತ್ತಿಲ್ಲ.

ತಮ್ಮನ್ನು ಈ ಹುದ್ದೆಯಲ್ಲಿ ಉಳಿಸಿರುವುದು ತಮ್ಮ ಆಪ್ತ ಸಹಾಯಕಿ ವದಂತಿಯಮ್ಮ. 2025ರಲ್ಲಿ ‘ಕಾಂತಾರ: ಅಧ್ಯಾಯ 1’ರ ಜೂನಿಯರ್ ಆರ್ಟಿಸ್ಟ್ ಒಬ್ಬರು ಕೊಲ್ಲೂರಿನ ಸೌಪರ್ಣಿಕಾ ನದಿಯಲ್ಲಿ ಮುಳುಗಿ ಹೋದಾಗ, ಅಂದು ಚಿತ್ರೀಕರಣವೇ ಇರಲಿಲ್ಲ ಎಂದು ಚಿತ್ರತಂಡ ಹೇಳಿತು. ಆ ಹೇಳಿಕೆ ಬಸ್ಸು ಹತ್ತುವ ಮೊದಲೇ ‘ದೈವ ಮುನಿದಿದೆ’ ಎಂಬ ಮಾತು ಊರೂರು ಸುತ್ತಿ ಬಂದಿತ್ತು. ಈ ವದಂತಿಯಿಂದ ಚಿತ್ರರಂಗಕ್ಕೆ ಆಗುವ ಉಪಕಾರ ಅಷ್ಟಿಷ್ಟಲ್ಲ. ಮುನಿದ ದೈವದ ಮೇಲೆ ಎಫ್‌ಐಆರ್ ಹಾಕಲಾಗದು. ಶಾಪಕ್ಕೆ ಸಮನ್ಸ್ ಜಾರಿ ಮಾಡಲಾಗದು. ಸೆಟ್ಟಿನ ಸಾವೆಲ್ಲ ಕಾಣದ ಕೈವಾಡ ಎಂದಾದರೆ, ಕಾಣುವ ಕೈಗಳು ಆರಾಮವಾಗಿ ಮುಂದಿನ ಚಿತ್ರದ ಮುಹೂರ್ತಕ್ಕೆ ಹೂವಿನ ಹಾರ ಹಿಡಿಯಬಹುದು.

ವದಂತಿಯ ಹೆಣಕ್ಕೆ ಸಿಗುವ ಗೌರವವೂ ದೊಡ್ಡದು. 1939ರ ‘ದಿ ವಿಝರ್ಡ್ ಆಫ್ ಆಝ್’ನ ಕಾಡಿನ ದೃಶ್ಯದಲ್ಲಿ ಕುಳ್ಳ ನಟನೊಬ್ಬ ನೇಣು ಹಾಕಿಕೊಂಡದ್ದು ಕಾಣುತ್ತದೆ ಎಂಬ ಪುಕಾರಿನ ಬೆನ್ನು ಹತ್ತಿ ಜನ ಒಂದೊಂದೇ ಫ್ರೇಮ್ ಜರಡಿ ಹಿಡಿದರು. ಅದು ರೆಕ್ಕೆ ಬಿಚ್ಚಿದ ದೊಡ್ಡ ಹಕ್ಕಿ. 1959ರ ‘ಬೆನ್ ಹರ್’ನ ರಥದ ಓಟದಲ್ಲಿ ಸ್ಟಂಟ್‌ಮ್ಯಾನ್ ಸತ್ತನೆಂಬ ಕಥೆಗೂ ಅದೇ ರಾಜಮರ್ಯಾದೆ. ಅಲ್ಲಿ ಯಾರೂ ಸತ್ತಿರಲಿಲ್ಲ. ಸಾಯದವರ ಸಾವಿಗೆ ಇಷ್ಟು ತನಿಖಾಧಿಕಾರಿಗಳು! ನಿಜಕ್ಕೂ ಸತ್ತವರಿಗೆ ಟಿವಿಯಲ್ಲಿ ಎರಡು ದಿನದ ಚರ್ಚೆ, ಅದೂ ನಡುನಡುವೆ ಜಾಹೀರಾತು.

ಅಮೆರಿಕದವರ ಗತಿ ಕೇಳಿ. 2014ರಲ್ಲಿ ಜಾರ್ಜಿಯಾದಲ್ಲಿ ‘ಮಿಡ್‌ನೈಟ್ ರೈಡರ್’ ತಂಡ ಅನುಮತಿಯಿಲ್ಲದೆ ರೈಲು ಸೇತುವೆಯ ಹಳಿ ಮೇಲೆ ಮಂಚ ಹಾಕಿಕೊಂಡು ಚಿತ್ರೀಕರಣಕ್ಕೆ ಇಳಿಯಿತು. ರೈಲು ಬಂತು. 27 ವರ್ಷದ ಕ್ಯಾಮೆರಾ ಸಹಾಯಕಿ ಸಾರಾ ಜೋನ್ಸ್ ಪ್ರಾಣ ಬಿಟ್ಟರು. ಆ ಊರಲ್ಲಿ ತಮ್ಮನ್ನು ಒಡೆಯುವ ಪದ್ಧತಿ ಇಲ್ಲವಲ್ಲ, ಹೊಣೆ ಹೊರಿಸಲು ಬೇರೆ ಯಾರೂ ಸಿಗಲಿಲ್ಲ. ನಿರ್ದೇಶಕ ರ‍್ಯಾಂಡಲ್ ಮಿಲ್ಲರ್ ತಪ್ಪೊಪ್ಪಿಕೊಂಡು ಜೈಲಿಗೆ ಹೋಗಬೇಕಾಯಿತು. ಒಂದು ಕಾಯಿಯ ಖರ್ಚಿನಲ್ಲಿ ಮುಗಿಯುವ ಕೆಲಸಕ್ಕೆ ಎಂಥ ದುಂದು!

ಕೊನೆಯದಾಗಿ ಒಂದು ವಿನಂತಿ. ತಾವು ದಯವಿಟ್ಟು ರಾಜೀನಾಮೆ ಕೊಡಿ. ತಮಗೆ ಮಜ್ಜಿಗೆಹುಳಿಯಲ್ಲಿ, ಕಾಶಿ ಹಲ್ವದಲ್ಲಿ ಗೌರವದ ಸ್ಥಾನ ಇದ್ದೇ ಇದೆ. ತಾವು ಬಿಟ್ಟ ಕುರ್ಚಿಗೆ ಸಂಬಳ ತೆಗೆದುಕೊಳ್ಳುವ, ಬಾಯಿರುವ ಮನುಷ್ಯನೊಬ್ಬ ಬರಲಿ. ನಿರ್ದೇಶಕರು ‘ಆ್ಯಕ್ಷನ್’ ಅನ್ನುವ ಮುಂಚೆ ‘ಆಗುವುದಿಲ್ಲ’ ಅನ್ನುವ ಅಧಿಕಾರ ಅವನಿಗಿರಲಿ. ಹಾಗಂದದ್ದಕ್ಕೆ ಮರುದಿನ ಅವನ ಕೆಲಸ ಹೋಗದಿರಲಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಕಳ್ಳನಿಗೆ ಅಷ್ಟಾದರೂ ಅಳುಕಿತ್ತು. ಈ ಪತ್ರ ಓದಿ ಗಾಂಧಿನಗರದಲ್ಲಿ ಯಾರಾದರೂ ಹೆಗಲು ಮುಟ್ಟಿಕೊಂಡರೆ ತಿಳಿಸಿ. ಹೊಸ ಅಧಿಕಾರಿಯ ಸಂಬಳದ ಬಿಲ್ಲನ್ನು ಅವರ ವಿಳಾಸಕ್ಕೇ ಕಳಿಸೋಣ.

ಇಂತಿ,
ಟಿಕೆಟ್ ಕೊಂಡು ಸಿಳ್ಳೆ ಹೊಡೆಯುವ ಒಬ್ಬ ಪ್ರೇಕ್ಷಕ