ಮುತ್ಯಾನ ವಾಚು ಮದುಮಗ ಆಗಲಿಲ್ಲ

ಮುತ್ಯಾನ ಹೊಲವನ್ನು ಅಪ್ಪ, ಕಾಕಾ ಹಂಚಿಕೊಂಡರು. ನನ್ನ ಪಾಲಿಗೆ ಬಂದದ್ದು ಒಂದು ಎಚ್‌ಎಂಟಿ ಜನತಾ ವಾಚು. ಅದೂ ನಿಂತದ್ದು.

ಸುರಪುರದ ವಾಚ್ ರಿಪೇರಿಯವ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿದ. “ಡಯಲ್ ಹಳದಿ ಆಗ್ಯದ್ರಿ ಸರ. ಹೊಸಾದು ಹಾಕ್ತೀನಿ, ಮುಳ್ಳು ಬದಲಿ ಮಾಡ್ತೀನಿ, ಕೇಸಿಗಿ ಪಾಲಿಶ್ ಹೊಡೀತೀನಿ. ಮದುಮಗ ಆಗ್ತದ ನೋಡ್ರಿ!”

“ಹಂಗಾದ್ರ ಮುತ್ಯಾಂದು ಏನು ಉಳೀತದ?”

“ಬೆಲ್ಟ್ ಉಳೀತದಲ್ರಿ.”

ಬೆಲ್ಟ್ ಮೊನ್ನೆ ನಾನೇ ಹಾಕಿಸಿದ್ದು.

ನಮ್ಮೂರು ಸುರಪುರ ಚಿನ್ನದ ರೇಖೆಯ ಚಿತ್ರಕಲೆಗೆ ಹೆಸರಾದದ್ದು ನಿಜ. ಹಾಗಂತ ಕಂಡದ್ದಕ್ಕೆಲ್ಲ ಬಣ್ಣ ಬಳಿಯಬೇಕೆ? 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚಿನ ಕಾರ್ಖಾನೆ 2016ರ ಹೊತ್ತಿಗೆ ಮುಚ್ಚಿಹೋಯಿತು. ಅಸಲಿ ಡಯಲ್ ಒಮ್ಮೆ ಕಿತ್ತರೆ ಮತ್ತೆಲ್ಲಿ ತರುವುದು?

ವಾಚಿನ ರೋಗವೂ ದೊಡ್ಡದಲ್ಲ. ಒಳಗೆ 17 ಹರಳು, ಸೆಕೆಂಡಿಗೆ 5 ಬಡಿತ. ಎಣ್ಣೆ ಒಣಗಿ ಅಂಟಾಗಿ ಚಕ್ರಗಳು ಮುನಿಸಿಕೊಂಡಿದ್ದವು. ರಿಪೇರಿಯವ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಬಿಟ್ಟ. ಟಿಕ್ ಅಂದಿತು. ಪ್ಲಾಸ್ಟಿಕ್ ಗಾಜಿನ ಮೇಲಿನ ಗೀರುಗಳನ್ನು ಮನೆಯಲ್ಲಿ ನಾನೇ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದೆ. “ಹಲ್ಲು ಇಷ್ಟು ಶ್ರದ್ಧೆಯಿಂದ ತಿಕ್ಕಿದ್ದು ಕಾಣೆ” ಅಂದಳು ಅವ್ವ. ಕೇಸಿನ ಅಂಚಿಗೆ ಎತ್ತಿನ ಕೋಡು ತಾಗಿದ ಗಾಯವನ್ನು ಮಾತ್ರ ಮುಟ್ಟಲಿಲ್ಲ.

ಈಗ ದಿನಾ ಬೆಳಿಗ್ಗೆ ಚಾವಿ ಕೊಡುತ್ತೇನೆ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಮುತ್ಯಾನೂ ಬಸ್‌ಸ್ಟ್ಯಾಂಡಿಗೆ ಅಷ್ಟೇ ತಡವಾಗಿ ಬರುತ್ತಿದ್ದ.